ಪಾರ್ಕರ್ 51ರ ಬುಡ ತಿರುಗಿಸಿದಾಗ

ನನ್ನ ಮೇಜಿನ ಡ್ರಾಯರಿನಲ್ಲಿ ಮೂರು ಪಾರ್ಕರ್ 51 ಪೆನ್ನುಗಳಿವೆ. ಮುಚ್ಚಳ ಹಾಕಿ ಸಾಲಾಗಿ ಇಟ್ಟರೆ ನನ್ನ ಹೆಂಡತಿಗೆ ಮೂರೂ ಒಂದೇ. "ಒಂದೇ ಪೆನ್ನನ್ನ ಮೂರು ಸಲ ಯಾಕೆ ತಗೊಂಡ್ರಿ?" ಅಂತ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಪೆನ್ನಿನ ಹೊಟ್ಟೆಯೊಳಗಿದೆ.

ಮೊದಲನೆಯದು ನನ್ನ ಸೋದರಮಾವನದು. ಈ ಪೆನ್ನು ಅಮೆರಿಕದ ಅಂಗಡಿಗಳಿಗೆ ಬಂದದ್ದು 1941ರಲ್ಲಿ. 1888ರಲ್ಲಿ ಶುರುವಾದ ಕಂಪನಿಗೆ 51 ವರ್ಷ ತುಂಬಿದಾಗ ರೂಪುಗೊಂಡದ್ದಕ್ಕೆ ಆ ಹೆಸರು. ನಿಬ್ಬು ಪೂರ್ತಿ ಮುಸುಕಿನೊಳಗೆ, ತುದಿ ಮಾತ್ರ ಹೊರಗೆ. ಅದು ಬರೀ ಚೆಂದಕ್ಕೆ ಮಾಡಿದ್ದಲ್ಲ. ಬರೆದ ಕೂಡಲೇ ಒಣಗುವ ಇಂಕು ತಯಾರಿಸಿದ್ದರು. ನಿಬ್ಬು ಬಯಲಲ್ಲಿದ್ದರೆ ಇಂಕು ಅದರ ಮೇಲೇ ಒಣಗುತ್ತಿತ್ತು. ಆ ಇಂಕೋ ಮಹಾ ಖಾರ, ಬೇರೆ ಪೆನ್ನುಗಳ ಮೈಯನ್ನೇ ತಿನ್ನುತ್ತಿತ್ತು. ಹಾಗಾಗಿ ಇದಕ್ಕೆ ಲೂಸೈಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಮೈ. ಯುದ್ಧವಿಮಾನಗಳ ಕಿಟಕಿಗೂ ಅದೇ ಜಾತಿಯ ಪ್ಲಾಸ್ಟಿಕ್ ಹಾಕುತ್ತಿದ್ದರು.

ಈ ಪೆನ್ನಿನ ಬುಡದ ಹತ್ತಿರ ಕೂದಲೆಳೆಯಷ್ಟು ಸಣ್ಣ ಗೆರೆ ಇದೆ. ಅಲ್ಲಿ ತಿರುಗಿಸಿದರೆ ಪುಟ್ಟ ಟೊಪ್ಪಿ ಬಿಚ್ಚುತ್ತದೆ, ಒಳಗೊಂದು ಗುಂಡಿ. ನಿಬ್ಬನ್ನು ಇಂಕಿನಲ್ಲಿ ಅದ್ದಿ ಗುಂಡಿಯನ್ನು ಹತ್ತು ಸಲ ಒತ್ತಬೇಕು. ರಬ್ಬರಿನ ಪೊರೆ ಕೆಳಗೆ ಮೇಲೆ ಆಡಿ ಗಾಳಿಯನ್ನು ಹೊರಗೆ ತಳ್ಳುತ್ತದೆ, ಇಂಕನ್ನು ಎಳೆದುಕೊಳ್ಳುತ್ತದೆ. ಬ್ಯಾರಲ್, ಅಂದರೆ ಕೊಳವೆಯಂಥ ಪೆನ್ನಿನ ಮೈಯೇ ಇಂಕಿನ ತೊಟ್ಟಿ. ಸೈಕಲ್ ಪಂಪಿನ ಬುದ್ಧಿ ಅನ್ನಿ. ಕ್ಲಿಪ್ಪಿನ ನೆತ್ತಿಯಲ್ಲಿ ನೀಲಿ ವಜ್ರದ ಗುರುತು ಬೇರೆ. ಅದರ ಅರ್ಥ ಜೀವನಪೂರ್ತಿ ಗ್ಯಾರಂಟಿ. ಯಾರ ಜೀವನ ಅಂತ ಬರೆದಿಲ್ಲ.

ಏಕೆಂದರೆ ರಬ್ಬರಿಗೆ ವಯಸ್ಸಾಗುತ್ತದೆ. ಅದು ನನಗೆ ಗೊತ್ತಾದದ್ದು ನೆಂಟರ ಮದುವೆಯಲ್ಲಿ. ಮುಯ್ಯಿ ಬರೆಯೋ ಕೆಲಸ ನನ್ನ ಪಾಲಿಗೆ ಬಂದಿತ್ತು. ಸುಮ್ನೆ ಜಂಭಕ್ಕೆ ಮಾವನ ಪೆನ್ನು ಒಯ್ದಿದ್ದೆ. ಯಾರದೋ ಐನೂರ ಒಂದು ರೂಪಾಯಿ ಬರೆಯುವಷ್ಟರಲ್ಲಿ ಬೆರಳ ಸಂದಿಯಿಂದ ನೀಲಿ ಇಳಿಯಿತು. ಪುಸ್ತಕದ ಅರ್ಧ ಪುಟ ಹಾಳು, ರೇಷ್ಮೆ ಶಲ್ಯವೂ ಹಾಳು. ಬುಡದ ಟೊಪ್ಪಿ ತೆಗೆದರೆ ಅದರ ತುಂಬ ಇಂಕು. ಪೊರೆ ಹರಿದಿತ್ತು. ಮನೆಗೆ ಬಂದು ನಾನೇ ರಿಪೇರಿ ಮಾಡ್ತೀನಿ ಅಂತ ಇಕ್ಕಳ ಹಿಡಿದು ಕೂತೆ. ಆ ಹಲ್ಲಿನ ಗುರುತು ಇವತ್ತಿಗೂ ಬ್ಯಾರಲ್ ಮೇಲಿದೆ. ಆಮೇಲೆ ತಿಳಿದವರ ಹತ್ತಿರ ಹೊಸ ಪೊರೆ ಹಾಕಿಸಿದೆ. ಇಕ್ಕಳದ ವಿಷಯ ಮಾವನಿಗೆ ಹೇಳಿಲ್ಲ.

ಎರಡನೆಯದಕ್ಕೆ ಆ ಗೆರೆಯೇ ಇಲ್ಲ. 1948ರಲ್ಲಿ ಪಂಪನ್ನು ಪೂರ್ತಿ ಕಿತ್ತುಹಾಕಿದರು. ನಡು ಹಿಡಿದು ತಿರುಗಿಸಿದರೆ ಇಡೀ ಬ್ಯಾರಲ್ ಕಳಚಿ ಬರುತ್ತದೆ. ಒಳಗೆ ಹೊಳೆಯುವ ಲೋಹದ ಕವಚ, ಅದರೊಳಗೆ ಪ್ಲಾಸ್ಟಿಕ್ ಚೀಲ, ಪಕ್ಕದಲ್ಲಿ ಗೀರುಗೀರಾದ ಒಂದು ಪಟ್ಟಿ. ಕವಚದ ಮೇಲೆ ಸಣ್ಣ ಅಕ್ಷರದಲ್ಲಿ ಸೂಚನೆ ಕೆತ್ತಿದ್ದಾರೆ: ಪಟ್ಟಿಯನ್ನು ಗಟ್ಟಿಯಾಗಿ ನಾಲ್ಕು ಸಲ ಒತ್ತಿ. ಬಳಸೋದು ಹೇಗೆ ಅನ್ನೋದನ್ನ ಹೊಟ್ಟೆಯ ಮೇಲೇ ಬರೆದುಕೊಂಡಿರುವ ಪೆನ್ನು ನನಗಂತೂ ಬಹಳ ಇಷ್ಟ. ಸೆಕೆಂಡ್‌ಹ್ಯಾಂಡ್ ತಗೊಂಡಾಗ ಒಳಗೆಲ್ಲ ಇಂಕು ಒಣಗಿ ಕರಿಕಟ್ಟಿತ್ತು. ಒಂದು ರಾತ್ರಿ ನೀರಿನಲ್ಲಿಟ್ಟೆ. ಬೆಳಿಗ್ಗೆ ಬರೆಯಿತು. ಅಷ್ಟೇ ರಿಪೇರಿ. ಎಪ್ಪತ್ತು ವರ್ಷದ ಚೀಲ ಇನ್ನೂ ಮೆತ್ತಗಿದೆ.

ಒಳಗನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಹೈಸ್ಕೂಲಿನಲ್ಲಿ "ಫಾರಿನ್ ಪೆನ್ನು" ಅಂತ ಜೇಬಿಗೆ ಸಿಕ್ಕಿಸಿಕೊಂಡು ಮೆರೆದ ಚೀನಾದ ಹೀರೋ ಪೆನ್ನೂ ಹೀಗೇ ಇತ್ತಲ್ಲ! ಅದೇ ಮುಸುಕಿನ ನಿಬ್ಬು, ಅದೇ ಒತ್ತುಪಟ್ಟಿ. ನಾವು ಗೊತ್ತಿಲ್ಲದೆ 51ರ ಎರಡನೇ ತಲೆಮಾರಿನ ನಕಲಿನಲ್ಲೇ ಪರೀಕ್ಷೆ ಬರೆದಿದ್ದೆವು.

1969ರ ಹೊತ್ತಿಗೆ ಮುಚ್ಚಳ, ಕ್ಲಿಪ್ಪುಗಳ ಆಕಾರ ಬದಲಾಯಿಸಿದರು, ಎಪ್ಪತ್ತರ ದಶಕದಲ್ಲಿ ತಯಾರಿಕೆಯೇ ನಿಂತಿತು. ಅವು ನನ್ನ ಹತ್ತಿರ ಇಲ್ಲ, ಆಸೆಯೂ ಇಲ್ಲ.

ಮೂರನೆಯದು 2021ರಲ್ಲಿ ಮತ್ತೆ ಹುಟ್ಟಿದ 51. ಮುಖ ಅಜ್ಜನದೇ. ಹೊಟ್ಟೆಯಲ್ಲಿ ಮಾತ್ರ ಚೀಲವೂ ಇಲ್ಲ, ಪಂಪೂ ಇಲ್ಲ. ಇಂಕು ತುಂಬಿಯೇ ಬರುವ ಕಾರ್ಟ್ರಿಡ್ಜ್, ಇಲ್ಲವೇ ನಾವೇ ಇಂಕು ತುಂಬಿಸಿಕೊಳ್ಳುವ, ಕಳಚಿ ತೆಗೆಯಬಹುದಾದ ಪುಟ್ಟ ಕೊಳವೆ, ಅಂದರೆ ಕನ್ವರ್ಟರ್. ಕೆಟ್ಟರೆ ಕನ್ವರ್ಟರ್ ಬದಲಾಯಿಸಿದರಾಯಿತು, ಇಕ್ಕಳ ಬೇಕಿಲ್ಲ. ಅದನ್ನು ಒಪ್ಪಲೇಬೇಕು. ಆದರೆ ಮುಚ್ಚಳಕ್ಕೆ ತಿರುಪು ಕೊಟ್ಟಿದ್ದಾರೆ, ತಿರುಗಿಸಿ ತೆಗೆಯಬೇಕು. ಹಳೆಯ ಎರಡರಲ್ಲೂ ಬರೀ ಎಳೆದರೆ ಸಾಕು. ತಳ್ಳಿದರೆ ಒಳಗಿನ ಸ್ಪ್ರಿಂಗ್ ಹಲ್ಲುಗಳು ಮೆಲ್ಲಗೆ ಹಿಡಿದುಕೊಳ್ಳುತ್ತವೆ, ಟಕ್ ಅಂತ ಸದ್ದೂ ಇಲ್ಲ. ಫೋನ್ ಕಿವಿಗೆ ಇಟ್ಟುಕೊಂಡು ನಂಬರ್ ಬರೆಯೋವಾಗ ಒಂದೇ ಕೈಯಲ್ಲಿ ಆಗುತ್ತಿತ್ತು. ಹೊಸದನ್ನು ಈಗಲೂ ಮರೆತು ಎಳೆಯುತ್ತೇನೆ. ಅದು ಬರೋದಿಲ್ಲ. ಫೋನಿನಲ್ಲಿರುವವರು ನಂಬರ್ ಹೇಳಿ ಮುಗಿಸಿರುತ್ತಾರೆ.

ಇಷ್ಟೆಲ್ಲ ವಿವರಿಸಿ ಮೂರನ್ನೂ ಬಿಚ್ಚಿ ಹೆಂಡತಿಯ ಮುಂದೆ ಇಟ್ಟೆ. ಅವಳು ಎರಡನೆಯದನ್ನು ಎತ್ತಿ ನಾಲ್ಕು ಸಲ ಒತ್ತಿ ಇಂಕು ತುಂಬಿಸಿಕೊಂಡಳು. ಈಗ ಅದು ಫ್ರಿಜ್ಜಿನ ಮೇಲಿದೆ, ಹಾಲಿನ ಲೆಕ್ಕದ ಪುಸ್ತಕದ ಪಕ್ಕ. ವಾಪಸ್ ಕೇಳಿದೆ. "ನಿಮಗೆ ಇನ್ನೂ ಎರಡಿವೆಯಲ್ಲ" ಅಂದಳು.