ಆಯಿಗೆ ಕೇಳಿದ ಎಂಟು ಪ್ರಶ್ನೆ

ನವೆಂಬರ್ 28, 2024, ಗುರುವಾರ
ಸಿರ್ಸಿ

ಇವತ್ತು ಆಯಿಯನ್ನು ದಮ್ಮಿಗೆ ತೋರಿಸಲು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆವು. ಶ್ವಾಸಕೋಶದ ಶಕ್ತಿ ಅಳೆಯುವ ಊದುವ ಪರೀಕ್ಷೆಯಲ್ಲಿ ಹೋದ ವರ್ಷ ಬಂದಷ್ಟೇ ಬಂತು. ಅಣ್ಣನಿಗೆ ಖುಷಿ. ನನಗೂ, ಒಂದರ್ಧ ಗಂಟೆ.

ಆಮೇಲೆ ಡಾಕ್ಟರು ಒಂದು ಕಾಗದ ತೆಗೆದರು. ಎಂಟು ಪ್ರಶ್ನೆ, ಒಂದೊಂದಕ್ಕೆ 0ಯಿಂದ 5. ಕಷ್ಟ ಜಾಸ್ತಿ ಇದ್ದಷ್ಟು ಅಂಕ ಜಾಸ್ತಿ. ಕೆಮ್ಮು, ಕಫ, ಎದೆ ಬಿಗಿತ, ಏರು ಹತ್ತುವಾಗಿನ ದಮ್ಮು. ಇದಕ್ಕೆಲ್ಲ ಆಯಿ ಎರಡು, ಮೂರು ಅಂದಳು. ಮನೆಗೆಲಸ, ಹೊರಗೆ ಹೋಗುವ ಧೈರ್ಯ, ನಿದ್ದೆ, ಮೈಯಲ್ಲಿ ಶಕ್ತಿ? ನಾಲ್ಕು, ಐದು. ಒಟ್ಟು 40ಕ್ಕೆ 27.

"ಶ್ವಾಸಕೋಶ ಹಾಗೇ ಇದೆ, ಇವರು ಮಾತ್ರ ಇಳಿದುಹೋಗಿದ್ದಾರೆ. ಬೇರೆ ಏನೇನು ತೊಂದರೆ ಇದೆ?"

ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ಇವರೊಬ್ಬರೇ. ಸಕ್ಕರೆಗೆ ಒಂದು ಕಡೆ, ಬೆನ್ನಿಗೆ ಇನ್ನೊಂದು ಕಡೆ ಅಂತ ನಾವು ಅಲೆದಿದ್ದೇವೆ. ದಮ್ಮು ಜೋರಾದಾಗಲೆಲ್ಲ ನುಂಗಿದ ಸ್ಟೆರಾಯ್ಡ್ ಮಾತ್ರೆಯಿಂದ ಸಕ್ಕರೆ ಏರುತ್ತದಂತೆ, ಮೂಳೆಯೂ ಸವೆಯುತ್ತದಂತೆ. ಮಳೆಗಾಲದಲ್ಲಿ ಬರೀ ಒಂದು ಕೊಡ ಎತ್ತಿದ್ದಕ್ಕೆ ಬೆನ್ನುಮೂಳೆ ಕುಸಿದಿತ್ತಲ್ಲ! ಬೆನ್ನು ನೋಯುವಾಗ ಉಸಿರು ಪೂರ್ತಿ ಎಳೆಯೋಕೆ ಆಗೋದಿಲ್ಲ. ಓಡಾಟ ನಿಲ್ಲುತ್ತದೆ, ಕಾಲು ಸೋಲುತ್ತದೆ, ಮತ್ತೆ ನಾಲ್ಕು ಹೆಜ್ಜೆಗೇ ದಮ್ಮು. ಬಚ್ಚಲಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎರಡು ಸಲ ಕಂಬ ಹಿಡಿದು ನಿಲ್ಲುತ್ತಾಳೆ.

ಡಾಕ್ಟರು ಅವಳ ಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ತುಂಬಲೇ ಇಲ್ಲ. ಕಾಲಲ್ಲಿ ನೀರು ತುಂಬಿದೆ, ಹೃದಯವೂ ಸೋತಿದೆಯೋ ನೋಡಬೇಕು ಅಂತ ಹೃದಯದ ಸ್ಕ್ಯಾನಿಗೆ ಬರೆದುಕೊಟ್ಟರು. ನಾನು ಆ ಗುಳಿಯನ್ನೇ ನೋಡುತ್ತಿದ್ದೆ. ದಿನಾ ಅದೇ ಕಾಲಿಗೆ ಎಣ್ಣೆ ಹಚ್ಚುವವಳು ನಾನು.

ಆಯಿ ಬೀಡಿ ಮುಟ್ಟಿದವಳಲ್ಲ. ಮದುವೆಯಾಗಿ ಬಂದಾಗಿನಿಂದ ಹೊಗೆಯಲ್ಲೇ ಇದ್ದಳು. ಅಡುಗೆ ಒಲೆ, ಬಚ್ಚಲ ಒಲೆ, ಕೊನೆಕೊಯ್ಲು ಬಂತೆಂದರೆ ಅಡಿಕೆ ಬೇಯಿಸುವ ಒಲೆ.

ಮನೆಗೆ ಬಂದಾಗ ಕತ್ತಲಾಗಿತ್ತು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಹಂಡೆಯಿಂದ ಚೊಗರಿನ, ಅಡಿಕೆ ಬೆಂದ ನೀರಿನ, ವಾಸನೆ. ಮೊದಲೆಲ್ಲ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಿಡಿದು ಕೂತರೆ ರಾತ್ರಿ ಹತ್ತರವರೆಗೂ ಮಾತಾಡುತ್ತಿದ್ದವಳು ಆಯಿಯೇ. ಈಗ ಹೊಗೆ ಬೇಡ ಅಂತ ನಾವೇ ಅವಳನ್ನು ಒಳಕೋಣೆಗೆ ಕಳಿಸಿ ಕಿಟಕಿ ಹಾಕುತ್ತೇವೆ. ಹೊರಗೆ ಯಾರೋ ಜೋರಾಗಿ ನಕ್ಕರು. ಆಯಿ ಬಾಗಿಲ ಕಡೆ ನೋಡಿದಳು.

"ದಮ್ಮು ಹ್ಯಾಂಗೋ ತಡ್ಕಳಲಾಗ್ತು ತಂಗಿ. ಒಬ್ಳೇ ಕೂತ್ಕಂಬಲೆ ಆಗ್ತಿಲ್ಲೆ."

ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಸುಮ್ನೆ ದಿಂಬು ಸರಿಮಾಡಿದೆ.

ಒಲೆಯನ್ನೇ ಕೊಟ್ಟಿಗೆಯ ಆಚೆ ಹಾಕಿದರೆ? ಸುಲಿಯುವವರು ಜಗಲಿಯಲ್ಲಿ ಕೂತರೆ ಆಯಿಗೊಂದು ಕುರ್ಚಿ, ಬೆನ್ನಿಗೊಂದು ದಿಂಬು. ಕತ್ತಿ ಹಿಡಿಯದಿದ್ದರೂ ಸುಲಿದ ಅಡಿಕೆ ಆರಿಸಬಹುದು. ಬೆಳಿಗ್ಗೆ ಹಂಡೆ ಹೊತ್ತಿಸುವ ಮೊದಲೇ ಅಣ್ಣನಿಗೆ ಹೇಳಬೇಕು. ಸೋಮವಾರ ಸ್ಕ್ಯಾನು, ಆ ದಿನ ಕಾರು ಯಾರ ಹತ್ತಿರ ಕೇಳುವುದೋ. ಆಯಿ ಮತ್ತೆ ಎದ್ದು ಕೂತಳು ಅನಿಸುತ್ತದೆ, ಮಂಚ ಕಿರ್ ಅಂತು…