ಹೈ ಹೀಲ್ಸ್ ಒಳಗಿನ ಸುಗಂಧರಾಜ

ಅಕ್ಕನ ಮಗಳು ಬೆಂಗಳೂರಿಂದ ಬರುವಾಗ ನನಗೊಂದು ಸೆಂಟು ತಂದಳು. ಹೆಸರು ಗುಡ್ ಗರ್ಲ್. ಬಾಟಲಿ ನೋಡಿದ ಅಮ್ಮ, "ಒಂದೇ ಕಾಲಿಂದು ತಂದಿದ್ದೀಯಲ್ಲೇ, ಇನ್ನೊಂದೆಲ್ಲಿ?" ಅಂದರು. ಅಮ್ಮನ ತಪ್ಪಿಲ್ಲ ಬಿಡಿ. ಅದು ಇರುವುದೇ ಹೈ ಹೀಲ್ಸ್ ಚಪ್ಪಲಿ ಥರ, ಕಡುನೀಲಿ ಮೈ, ಸೂಜಿಯಂಥ ಚಿನ್ನದ ಬಣ್ಣದ ಹಿಮ್ಮಡಿ.

ಇದು ಫ್ಯಾಷನ್ ಡಿಸೈನರ್ ಕ್ಯಾರೊಲಿನಾ ಹೆರೆರಾ ಹೆಸರಿನ ಸೆಂಟು. ವೆನೆಜುವೆಲಾದ ಕರಾಕಸ್‌ನಲ್ಲಿ ಹುಟ್ಟಿದ ಈಕೆ ನ್ಯೂಯಾರ್ಕಿನಲ್ಲಿ ತಮ್ಮ ಮೊದಲ ಉಡುಪುಗಳನ್ನು ತೋರಿಸಿದ್ದು 1981ರಲ್ಲಿ, 42ನೇ ವಯಸ್ಸಿನಲ್ಲಿ. ನನಗೆ ಅದೇ ಜಾಸ್ತಿ ಇಷ್ಟವಾಯಿತು. ಗುಡ್ ಗರ್ಲ್ ಬಂದಿದ್ದು 2016ರಲ್ಲಿ, ನಮ್ಮೂರು ತಾಳವಾಡಿಗೆ ಬಂದಿದ್ದು ಹೋದ ವಾರ, ಹಾಗಾಗಿ ನಮಗೆ ಹೊಸದೇ. ಧೈರ್ಯದ ಹೆಣ್ಣಿಗೆ, ಆತ್ಮವಿಶ್ವಾಸದ ಹೆಣ್ಣಿಗೆ ಅಂತೆಲ್ಲ ಇದನ್ನು ಮಾರುತ್ತಾರೆ. ಸೆಂಟು ಹೊಡೆದರೆ ಧೈರ್ಯ ಬರುವ ಹಾಗಿದ್ದರೆ ನಾನು ಇಷ್ಟೊತ್ತಿಗೆ ಸ್ಕೂಟರ್ ಕಲಿತಿರುತ್ತಿದ್ದೆ.

ಸೋಮವಾರ ಸತ್ಯಮಂಗಲಕ್ಕೆ ಹೋಗುವಾಗ ಮೂರು ಸಲ ಹೊಡೆದುಕೊಂಡು ಬಸ್ ಹತ್ತಿದೆ. ಒಂದು ಸಾಕಿತ್ತು. ದಿಂಬಂ ಘಾಟಿಯ 27 ತಿರುವು ಇಳಿಯುವಾಗ ಸುಮ್ನೆ ಕೂತರೂ ಹೊಟ್ಟೆ ತೊಳೆಸುತ್ತೆ, ಅದರ ಮೇಲೆ ಈ ವಾಸನೆ. ಪಕ್ಕದಲ್ಲಿ ಹೂ ಮಾರುವ ಅಜ್ಜಿ, ಮಡಿಲಲ್ಲಿ ಖಾಲಿ ಬುಟ್ಟಿ. ನಾಲ್ಕು ತಿರುವು ಸುಮ್ಮನಿದ್ದು ಆಮೇಲೆ ಸೀಟಿನ ಕೆಳಗೆ ಬಗ್ಗಿ ನೋಡಿದರು.

"ಯಾರವ್ವ ಸಂಪಂಗಿ ಮೂಟೆ ಇಟ್ಟಿರಾದು?"

ಸತ್ಯಮಂಗಲದ ಮಾರ್ಕೆಟ್ಟಿನಲ್ಲಿ ಸಂಪಂಗಿ ಅಂದರೆ ನಮ್ಮ ಸಂಪಿಗೆಯಲ್ಲ, ಸುಗಂಧರಾಜ. ನಾನು ನಕ್ಕು ಮಣಿಕಟ್ಟು ಮುಂದೆ ಹಿಡಿದೆ. ಅಜ್ಜಿ ಕಣ್ಣು ಮುಚ್ಚಿ ಮೂಸಿದರು. "ಮಲ್ಲಿಗೆನೂ ಅದೆ. ಮೊಗ್ಗಲ್ಲ, ಅರಳಿರಾದು." ಇನ್ನೊಮ್ಮೆ ಮೂಸಿ, "ಒಣಹುಲ್ಲಿನ ಮೆದೆ ವಾಸನೆ ಎಲ್ಲಿಂದ ಬಂತು ಇದ್ಕೆ?"

ನಾನು ಬೆಪ್ಪಾದೆ. ಸುಗಂಧರಾಜ, ಮಲ್ಲಿಗೆ, ಕೋಕೋ, ಟೊಂಕಾ ಬೀಜ, ಇವೇ ಇದರ ಮುಖ್ಯ ವಾಸನೆಗಳು. ಟೊಂಕಾದಲ್ಲಿರುವ ಕೂಮರಿನ್ ಅನ್ನುವ ವಸ್ತುವಿಗೆ ಹೊಸದಾಗಿ ಕೊಯ್ದು ಒಣಗಿಸಿದ ಹುಲ್ಲಿನ ವಾಸನೆ. ಕೋಕೋ ಒಂದು ಬಿಟ್ಟರೆ ಉಳಿದದ್ದೆಲ್ಲ ಅಜ್ಜಿಯ ಮೂಗಿಗೆ ಸಿಕ್ಕಿತ್ತು!

ಮಲ್ಲಿಗೆಯನ್ನು ಬೆಳಕು ಹರಿಯುವ ಮುಂಚೆ ಮೊಗ್ಗಾಗಿಯೇ ಬಿಡಿಸುತ್ತಾರೆ, ರಾತ್ರಿ ಅರಳಿದಾಗಲೇ ಅದರ ಘಮ ಜೋರು. ರೇಟು ಬಿದ್ದ ದಿನ ಹೂವು ಸೆಂಟ್ ಫ್ಯಾಕ್ಟರಿಗೆ ಹೋಗುತ್ತೆ. ಮಲ್ಲಿಗೆ ಬಿಸಿ ತಡೆಯಲ್ಲ, ಅದಕ್ಕೇ ಹಬೆಯಲ್ಲಿ ಬೇಯಿಸದೆ ಹೆಕ್ಸೇನ್ ಅನ್ನುವ ದ್ರಾವಕದಲ್ಲಿ ನೆನೆಸಿ ಮೇಣದಂಥದ್ದು ತೆಗೆಯುತ್ತಾರೆ. ಆಮೇಲೆ ಆಲ್ಕೋಹಾಲಿನಲ್ಲಿ ತೊಳೆದು ಮೇಣ ಬೇರೆ ಮಾಡಿದರೆ ಉಳಿಯುವುದೇ ಅಬ್ಸೊಲ್ಯೂಟ್, ಅಂದರೆ ಸೆಂಟಿಗೆ ಹಾಕುವ ಹೂವಿನ ಗಟ್ಟಿ ಸಾರ. ಅಂದಹಾಗೆ ಸುಗಂಧರಾಜ ನಮ್ಮದಲ್ಲ, ಮೆಕ್ಸಿಕೋದಿಂದ ಬಂದದ್ದು. ನಮ್ಮಲ್ಲಿ ಮದುವೆಗೂ ಅದೇ ಹಾರ, ಹೆಣಕ್ಕೂ ಅದೇ ಹಾರ, ಅಮ್ಮನಿಗೆ ಈ ಸೆಂಟು ಕಂಡರಾಗದಿರುವುದು ಅದಕ್ಕೇ.

ನನಗೆ ಹಿಡಿಸಿತು. ಮೊದಲ ಅರ್ಧ ಗಂಟೆ ಗದ್ದಲ ಮಾಡುತ್ತೆ, ಆಮೇಲೆ ಮೈಗೆ ಹೊಂದಿಕೊಂಡು ಮೆತ್ತಗಾಗುತ್ತೆ. ಸಂಜೆ ಕಳಚಿಟ್ಟ ಸೀರೆಯಲ್ಲಿ ಇನ್ನೂ ಚೆನ್ನಾಗಿತ್ತು.

ಬಸ್ಸಿನಲ್ಲಿ ಕೂತಿದ್ದಾಗ ಬ್ಯಾಗಿನಲ್ಲೇ ಬಾಟಲಿ ಇತ್ತು. ಅಜ್ಜಿಗೂ ಒಂಚೂರು ಹಾಕೋಣ ಅಂತ ತೆಗೆದೆ. ಅವರು ಕೈ ಹಿಂದಕ್ಕೆಳೆದುಕೊಂಡರು.

"ಬ್ಯಾಡ ಕನವ್ವ. ಈಗ ಹೋಗಿ ಹೂ ಆರಿಸ್ಬೇಕು, ಮೂಗು ಕೆಟ್ಟೋಯ್ತದೆ" ಅಂದು ಕಿಟಕಿ ಗಾಜು ಪೂರ್ತಿ ತೆಗೆದರು.