ಗುಡ್ಡದ ಮೇಲೊಂದು 32 ಅಂತಸ್ತು

ಜೋಸೆಫ್ ಐಕ್ಲರ್ ಮೊದಲು ಬೆಣ್ಣೆ-ಮೊಟ್ಟೆ ವ್ಯಾಪಾರದಲ್ಲಿದ್ದವನು. ದಾವಣಗೆರೆಯವರಿಗೆ ಗೊತ್ತಾದರೆ ನಮ್ಮವನೇ ಅಂದುಬಿಡುತ್ತಾರೆ! ಆಮೇಲೆ ಬಿಲ್ಡರ್ ಆಗಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 11,000 ಮನೆ ಕಟ್ಟಿಸಿದ. ಹೆಚ್ಚಿನವು ಒಂದೇ ಅಂತಸ್ತಿನವು. ಗೋಡೆಯುದ್ದದ ಗಾಜು, ಕೆಲವಕ್ಕೆ ನಮ್ಮ ತೊಟ್ಟಿಮನೆಯಂತೆ ನಡುವೆ ಅಂಗಳ. ಕಪ್ಪು ಜನರಿಗೆ ಮನೆ ಕೊಡಲು ಎಷ್ಟೋ ಬಿಲ್ಡರ್‌ಗಳು ಒಪ್ಪದ ಕಾಲದಲ್ಲಿ, ದುಡ್ಡು ತಂದವರಿಗೆಲ್ಲ ಮಾರಿದ. ಅದೇ ಜಗಳದಲ್ಲಿ 1958ರಲ್ಲಿ ಬಿಲ್ಡರ್‌ಗಳ ಸಂಘವನ್ನೂ ಬಿಟ್ಟ.

ಇಂಥವನು ಸ್ಯಾನ್ ಫ್ರಾನ್ಸಿಸ್ಕೋದ ರಷ್ಯನ್ ಹಿಲ್ ಮೇಲೆ 32 ಅಂತಸ್ತಿನ ಐಷಾರಾಮಿ ಅಪಾರ್ಟ್‌ಮೆಂಟ್ ಎಬ್ಬಿಸಿದ. ಹೆಸರು ಸಮಿಟ್, ಕಾಲ 1965ರ ಆಸುಪಾಸು. ಗುಡ್ಡವೇ ಎತ್ತರ, ಅದರ ಮೇಲೆ ಇದು. ಕಿಟಕಿ ತೆರೆದರೆ ಗೋಲ್ಡನ್ ಗೇಟ್ ಸೇತುವೆ, ಕೊಲ್ಲಿ, ಅಲ್ಕಟ್ರಾಜ್ ದ್ವೀಪ. ಇಂಥ ದೊಡ್ಡ ಕಟ್ಟಡಗಳ ಸಾಹಸವೇ ಅವನ ಕೈ ಸುಟ್ಟಿತು. 1967ರಲ್ಲಿ ಕಂಪನಿ ದಿವಾಳಿ.

ಚಿತ್ರದುರ್ಗದಲ್ಲಿ ಮನೆ ಪ್ಲಾನ್ ಬರೆಯುವ ನನಗೆ ಈ ಕಟ್ಟಡ ಇಷ್ಟ. ಆದರೆ ಅದರ ಹಿಂದಿನ ಬೀದಿಯವರಿಗೆ ಏನು ಕಾಣುತ್ತದೆ? ಕಾಂಕ್ರೀಟು.

ಇದೇ ತಕರಾರು ನಮ್ಮಲ್ಲೂ ಇದೆ, ಅಳತೆ ಮಾತ್ರ ಚಿಕ್ಕದು. ಮೂವತ್ತು-ನಲವತ್ತರ ಸೈಟು ಹಿಡಿದು ಬಂದವರು ವಾಸ್ತು ಮುಗಿಸಿ ಕೇಳುವ ಮೊದಲ ಮಾತು, "ಟೆರೇಸಿಂದ ಕೋಟೆ ಕಾಣುತ್ತಲ್ವಾ ಸಾರ್?" ಕಾಣುತ್ತದೆ, ಪಕ್ಕದವರು ಇನ್ನೊಂದು ಮಹಡಿ ಏರಿಸುವ ತನಕ. ನಮ್ಮ ಮನೆಯಿಂದ ಮೇಲುದುರ್ಗದ ಬತ್ತೇರಿ ಚೆನ್ನಾಗಿ ಕಾಣುತ್ತಿತ್ತು. ಈಗ ಆ ಜಾಗದಲ್ಲಿ ಪಕ್ಕದವರ ಮೆಟ್ಟಿಲ ರೂಮು, ಅದರ ಮೇಲೆ ಸಾವಿರ ಲೀಟರಿನ ಕಪ್ಪು ಟ್ಯಾಂಕು, ಪಕ್ಕಕ್ಕೊಂದು ಸೋಲಾರ್. ಬತ್ತೇರಿಯ ತುದಿ ಟ್ಯಾಂಕಿನ ಮುಚ್ಚಳದಿಂದ ಗೇಣುದ್ದ ಇಣುಕುತ್ತದೆ, ಅಷ್ಟೇ.

ಸ್ಯಾನ್ ಫ್ರಾನ್ಸಿಸ್ಕೋದ ಜನ ಸುಮ್ನೆ ಕೂರಲಿಲ್ಲ. ಗುಡ್ಡದ ಕೆಳಗೆ, ನೀರಿನ ದಂಡೆಯ ಬಳಿ ಫೊಂಟಾನಾ ಅನ್ನೋ ಜೋಡಿ ಅಪಾರ್ಟ್‌ಮೆಂಟ್ ಎದ್ದು ಕೊಲ್ಲಿಯನ್ನೇ ಮರೆಮಾಡಿದಾಗ ಗಲಾಟೆ ಜೋರಾಯಿತು. ಆ ದಂಡೆಗೆ 40 ಅಡಿ ಮಿತಿ ಬಂತು. ನಮ್ಮಲ್ಲಿ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸದಾಗಿ ಕಟ್ಟುವಂತಿಲ್ಲ, ಆಮೇಲಿನ 200 ಮೀಟರ್‌ಗೆ ಅನುಮತಿ ಬೇಕು. ಇದು ಕೋಟೆ ಕಾಯುವ ಕಾನೂನು. ದೂರದ ಬಡಾವಣೆಯವನ ನೋಟ ಕಾಯಲ್ಲ.

ಹಾಗಾಗಿ ನಾನು ಟ್ಯಾಂಕನ್ನು ಹಿಂದಿನವರಿಗೆ ಅಡ್ಡ ಬಾರದ ಮೂಲೆಯಲ್ಲಿ ತೋರಿಸುತ್ತೇನೆ. ಪೈಪು ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಕೆಲವರು ಒಪ್ಪುತ್ತಾರೆ. ಹೆಚ್ಚಿನವರು, "ಅವರ ನೋಟಕ್ಕೆ ನಮ್ಮ ದುಡ್ಡಾ?" ಅನ್ನುತ್ತಾರೆ.